ಕವಲೊಡೆಯಲು ಒಂದೇ ಕಾಲವೇ?

ಮೇಜಿನ ಸುತ್ತ ಕುಳಿತು ಪಾತ್ರವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ನಿಯಮಪುಸ್ತಕದಲ್ಲಿ, ಪಾತ್ರಗಳು ವಿಶೇಷ ಮಾರ್ಗ ಹಿಡಿಯುವ ಹಂತ ಒಂದೇ ಆಗಿರಲಿಲ್ಲ. ಕ್ಲೆರಿಕ್, ಸಾರ್ಸರರ್, ವಾರ್ಲಾಕ್‌ಗಳಿಗೆ ಮೊದಲ ಹಂತ. ವಿಜರ್ಡ್, ಡ್ರೂಯಿಡ್‌ಗಳಿಗೆ ಎರಡನೆಯದು. ಫೈಟರ್ ಮೊದಲಾದವರಿಗೆ ಮೂರನೆಯದು. 2024ರ ಪುಸ್ತಕ ಎಲ್ಲರನ್ನೂ ಮೂರನೆಯ ಹಂತಕ್ಕೆ ತಂದು ನಿಲ್ಲಿಸಿತು.

ಇದು ಹೊಸಬರಿಗೆ ಸುಲಭ. ಒಂದು ವರ್ಗದ ಮೊದಲ ಹಂತದ ಲಾಭವನ್ನಷ್ಟೇ ಪಡೆದು ಇನ್ನೊಂದಕ್ಕೆ ಜಿಗಿಯುವ ಜಾಣತನಕ್ಕೂ ಕಡಿವಾಣ ಎನ್ನುತ್ತಾರೆ. ಒಪ್ಪೋಣ. ಆದರೆ ಕಡತಗಳ ನಡುವೆ ಬಾಳುವ ನಮಗೆ ‘ಎಲ್ಲರಿಗೂ ಒಂದೇ ನಿಯಮ’ ಎಂಬುದು ಯಾರ ಅನುಕೂಲಕ್ಕಾಗಿ ಹುಟ್ಟುತ್ತದೆಂಬುದು ಚೆನ್ನಾಗಿ ಗೊತ್ತು.

ಸಾರ್ಸರರ್‌ನ ಶಕ್ತಿ ಅವನೊಳಗೇ ಹುದುಗಿರುವಂಥದು. ತನ್ನ ರಕ್ತದಲ್ಲಿರುವುದು ಡ್ರಾಗನ್ನೋ ಬೇರೇನೋ ಎಂಬುದನ್ನು ಅವನು ಮೂರನೆಯ ಹಂತದಲ್ಲಿ ಆರಿಸಿಕೊಳ್ಳುವುದೆಂದರೇನು? ವಾರ್ಲಾಕ್ ಮೊದಲು ಒಪ್ಪಂದ ಮಾಡಿಕೊಂಡು, ಒಡೆಯ ಯಾರೆಂದು ಆಮೇಲೆ ತಿಳಿಯಬೇಕೇ? ಅಜ್ಞಾತ ಒಡೆಯನ ಕಥೆಯೂ ಸೊಗಸೇ. ಆದರೆ ಅದು ಆಟಗಾರನ ಇಚ್ಛೆಯಾಗಿರಲಿ, ಕಟ್ಟುಪಾಡಾಗದಿರಲಿ. ಫೈಟರ್‌ನ ಮಾತು ಬೇರೆ. ಅವನದು ಕಲಿತ ವಿದ್ಯೆ. ಬೆಳೆದ ಮೇಲೆಯೇ ಅದು ಕವಲೊಡೆಯುವುದು.

ಆದ್ದರಿಂದ ನಮ್ಮ ಮೇಜಿನಲ್ಲಿ ಸಾರ್ಸರರ್ ತನ್ನ ಮೂಲವನ್ನೂ ವಾರ್ಲಾಕ್ ತನ್ನ ಒಡೆಯನನ್ನೂ ಮೊದಲ ದಿನವೇ ಹೆಸರಿಸಬಹುದು. ಅದರ ಸಾಮರ್ಥ್ಯಗಳು ಬೇಕಾದರೆ ಮೂರನೆಯ ಹಂತದಲ್ಲೇ ದಕ್ಕಲಿ. ಬಲಕ್ಕೆ ಕಾಯಬಹುದು, ತಾನು ಯಾರೆಂಬುದಕ್ಕೆ ಕಾಯಲಾಗದು.