ಹಳೇ ಸೋಲ್, ಹೊಸ ಮಜಾ
ಅಮೆರಿಕದ ಟೀವಿಯಲ್ಲಿ ‘ಸೋಲ್ ಟ್ರೇನ್’ ಎಂಬ ಹಾಡು-ಕುಣಿತದ ಕಾರ್ಯಕ್ರಮದ ಹಳೆಯ ಕಂತುಗಳು ಮರುಪ್ರಸಾರವಾಗುತ್ತಿದ್ದರೆ ರಿಮೋಟ್ ಕೆಳಗಿಡುವುದೇ ಲೇಸು. 1970ರಲ್ಲಿ ಷಿಕಾಗೊದ ಸ್ಥಳೀಯ ಚಾನೆಲ್ಲೊಂದರಲ್ಲಿ ಡಾನ್ ಕಾರ್ನೀಲಿಯಸ್ ಶುರುಮಾಡಿದ ಈ ಕಾರ್ಯಕ್ರಮ ಮರುವರ್ಷವೇ ಲಾಸ್ ಏಂಜಲೀಸ್ ಸೇರಿ, ದೇಶದ ತುಂಬ ಹಬ್ಬಿ, 2006ರವರೆಗೆ ನಡೆಯಿತು. ಹಾಡು ಕಪ್ಪು ಜನರದು, ಕುಣಿತ ಅವರದು, ನಿರೂಪಕ ಅವರವನು; ನಡುನಡುವೆ ಬರುವ ‘ಆಫ್ರೋ ಶೀನ್’ ಎಂಬ ತಲೆಗೂದಲ ಪ್ರಸಾಧನದ ಜಾಹೀರಾತು ಕೂಡ ಕಪ್ಪು ಜನರೇ ಕಟ್ಟಿದ ಕಂಪನಿಯದು! ಬಹುಪಾಲು ಗಾಯಕರು ರೆಕಾರ್ಡಿಗೆ ತುಟಿ ಆಡಿಸುತ್ತಿದ್ದರು ಎಂಬುದೂ ನಿಜ. ಹಾಗಾಗಿ ನನ್ನ ಕಣ್ಣೆಲ್ಲ ಕುಣಿಯುವ ಹುಡುಗ ಹುಡುಗಿಯರ ಮೇಲೆ. ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟುವವರ ನಡುವೆ ಬೆಲ್‌ಬಾಟಮ್ ತೊಟ್ಟವರು ಒಬ್ಬೊಬ್ಬರಾಗಿ, ಜೋಡಿಯಾಗಿ ಬರುವ ಆ ಗತ್ತೇ ಗತ್ತು. ಆದರೆ 1979ರ ಒಂದು ಕಂತಿನ ಮಾತೇ ಬೇರೆ. ಗಾಯಕಿ ಅರೀಥಾ ಫ್ರಾಂಕ್ಲಿನ್ ಪಿಯಾನೊ ಮುಂದೆ ಕೂತಿದ್ದಾರೆ, ಪಕ್ಕದಲ್ಲಿ ಗಾಯಕ ಸ್ಮೋಕಿ ರಾಬಿನ್ಸನ್. ಇಬ್ಬರೂ ಡೆಟ್ರಾಯಿಟ್‌ನಲ್ಲಿ ಬೆಳೆದವರು, ಚಿಕ್ಕಂದಿನ ಗೆಳೆಯರು. ಸ್ಮೋಕಿಯ ಹಳೆಯ ಹಾಡೊಂದನ್ನೇ ಅರೀಥಾ ಎತ್ತಿಕೊಳ್ಳುತ್ತಾರೆ. ಅವರ ತುಂಬುಕಂಠದ ಬದಿಗೆ ಸ್ಮೋಕಿಯ ತೆಳುದನಿ ಮೆಲ್ಲಗೆ ಬಂದು ಕೂಡಿಕೊಳ್ಳುತ್ತದೆ. ತುಟಿಯಾಟವಿಲ್ಲ, ಆಡಂಬರವಿಲ್ಲ. ನಮ್ಮ ರಿಯಾಲಿಟಿ ಶೋಗಳಲ್ಲಿ ಪಲ್ಲವಿ ಮುಗಿಯುವ ಮೊದಲೇ ತೀರ್ಪುಗಾರರ ಕಣ್ಣೀರು ತೋರಿಸುವವರು ಇದನ್ನೊಮ್ಮೆ ನೋಡಬೇಕು. ಆ ತುಣುಕು ಯೂಟ್ಯೂಬ್‌ನಲ್ಲೂ ಇದೆ. ಪುರುಸೊತ್ತು ಮಾಡಿಕೊಂಡು ನೀವೂ ನೋಡಿ.