ಟೈಲ್ಸ್ ಒಡೆಯೋ ಮೊದಲು ಸಂದು ನೋಡಿ

ಹನುಮಂತನಗರದ ಹಳೇ ಮನೆಗಳಲ್ಲಿ ಬಾಡಿಗೆಗಿರೋ ನಮ್ಮಂಥವರಿಗೆ ಇದು ಗೊತ್ತಿರೋ ವಿಷಯವೇ. ಕೆಳಗೆ ಓನರ್, ಮೇಲೆ ನಾವು. ಬಚ್ಚಲಲ್ಲಿ ಹಳೇ ಬಿಳಿ ಟೈಲ್ಸ್. ಸಂದುಗಳೆಲ್ಲ ಕಪ್ಪು, ಮೂಲೆಗಳಲ್ಲಿ ವೈಟ್ ಸಿಮೆಂಟ್ ಉದುರಿರುತ್ತೆ. ಕೆಳಗಿನ ಮನೆ ಸೀಲಿಂಗ್ ಒದ್ದೆಯಾದ ದಿನ ಮಾತು ಶುರು. ಒಬ್ಬರು "ಪೂರ್ತಿ ಒಡೆಸಿಬಿಡಿ" ಅಂತಾರೆ, ಇನ್ನೊಬ್ಬರು "ಸ್ವಲ್ಪ ವೈಟ್ ಸಿಮೆಂಟ್ ಮೆತ್ತಿದ್ರೆ ಸಾಕು" ಅಂತಾರೆ. ಕಾರಣ ಹುಡುಕದೆ ಹೇಳಿದರೆ ಎರಡೂ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ವೈಟ್ ಸಿಮೆಂಟ್ ಮೂಲೆಯಲ್ಲಿ ಯಾಕೆ ನಿಲ್ಲೋದಿಲ್ಲ? ಗೋಡೆ ಮತ್ತು ನೆಲ ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಬಿಸಿನೀರು ಬಿದ್ದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಸಿಮೆಂಟಿಗೆ ಒತ್ತಡ ತಡೆಯೋ ಶಕ್ತಿ ಇದೆ, ಎಳೆತ ತಡೆಯೋ ಶಕ್ತಿ ತೀರಾ ಕಡಿಮೆ. ಹಾಗಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ನೀರಿಗೆ ಅಷ್ಟು ಸಾಕು. ಮೂಲೆಗೆ ಬೇಕಿರೋದು ರಬ್ಬರಿನಂತೆ ಹಿಗ್ಗೋ ಸಿಲಿಕೋನ್.

ಎರಡನೇ ಶತ್ರುವನ್ನು ನಾವೇ ತರ್ತೀವಿ: ಆಸಿಡ್ ಬಾಟಲಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಅಂದ್ರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಆಸಿಡ್ ಅದನ್ನ ಕರಗಿಸುತ್ತೆ, ನಿಜ. ಆದರೆ ಸಂದಿನ ಸಿಮೆಂಟಿನಲ್ಲೂ ಕ್ಯಾಲ್ಸಿಯಂ ಸಂಯುಕ್ತಗಳೇ ಇರೋದು. ಆಸಿಡ್‌ಗೆ ಕಲೆ ಯಾವುದು, ಸಂದು ಯಾವುದು ಅಂತ ಗೊತ್ತಾಗಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಗಡಸು ನೀರಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವರು, ರೂಮಿಗೆ ಬಂದು ಅದೇ ಆಸಿಡ್ ಸುರೀತೀವಿ.

ಸೋರಿದ ನೀರು ಬರೀ ಕಲೆ ಮಾಡಿ ಸುಮ್ಮನಿರಲ್ಲ. ಸ್ಲ್ಯಾಬ್ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತೆ, ಕಾಂಕ್ರೀಟ್ ಒಡೆದು ಕೆಳಗೆ ಉದುರುತ್ತೆ. ಆ ಸೀಲಿಂಗ್ ಕೆಳಗೆ ಮಲಗೋರು ಓನರ್ ಮನೆಯ ಅಜ್ಜಿ ತಾತ.

ಹಾಗಾದ್ರೆ ಏನು ಮಾಡಬೇಕು? ಮೊದಲು ಮೂರ್ನಾಲ್ಕು ದಿನ ಆ ಬಚ್ಚಲು ಬಳಸಬೇಡಿ. ಆಗಲೂ ಕೆಳಗೆ ಒದ್ದೆ ಹೆಚ್ಚುತ್ತಿದ್ದರೆ ಪೈಪ್ ಮೇಲೆ ಅನುಮಾನ, ಪ್ಲಂಬರ್‌ನ ಕರೀರಿ. ಕಡಿಮೆಯಾದರೆ ಸಂದು ನೋಡಿ. ಟೈಲ್ಸ್ ಮೇಲೆ ಬೆರಳಲ್ಲಿ ತಟ್ಟಿ. ಬಹಳ ಕಡೆ ಡಬ್ ಡಬ್ ಅಂದ್ರೆ ಹಿಂದೆ ಟೊಳ್ಳು, ಆಗ ಒಡೆಸೋದೇ ಸರಿ. ಗಟ್ಟಿಯಾಗಿದ್ದರೆ ಹಳೇ ಸಿಮೆಂಟನ್ನು ಎರಡು ಮೂರು ಮಿ.ಮೀ. ಆಳಕ್ಕೆ ಕೆರೆದು, ಧೂಳು ತೆಗೆದು, ಪೂರ್ತಿ ಒಣಗಲು ಬಿಡಿ. ಟೈಲ್ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್, ಮೂಲೆಗಳಿಗೆ ಫಂಗಸ್ ತಡೆಯೋ ಸಿಲಿಕೋನ್. ಹಳೇ ಸಿಲಿಕೋನ್ ಮೇಲೆ ಹೊಸದು ಹಿಡಿಯಲ್ಲ, ಪೂರ್ತಿ ಕಿತ್ತೇ ಹಾಕಬೇಕು. ಹಾಕಿದ ಮೇಲೆ ಕನಿಷ್ಠ 24 ಗಂಟೆ ನೀರು ತಾಗಿಸಬೇಡಿ. ಕಪ್ಪು ಬೂಷ್ಟಿಗೆ ಬ್ಲೀಚ್ ಬಳಸೋರು ಅದರ ಜೊತೆ ಆಸಿಡ್ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತೆ.

ಒಂದು ಮಾತು ಒಪ್ಪಬೇಕು: ಸಂದು ತುಂಬಿದ ಮಾತ್ರಕ್ಕೆ ವಾಟರ್‌ಪ್ರೂಫಿಂಗ್ ಆಗಲ್ಲ. ಟೈಲ್ಸ್ ಕೆಳಗಿನ ಪದರವೇ ಹೋಗಿದ್ದರೆ ಇದರಿಂದ ಸಿಗೋದು ಸ್ವಲ್ಪ ಸಮಯ ಮಾತ್ರ. ಆದರೆ ಮೊದಲ ಪ್ರಯತ್ನಕ್ಕೆ ಒಂದು ಭಾನುವಾರ ಸಾಕು, ಒಡೆಸೋಕೆ ವಾರಗಟ್ಟಲೆ ಬೇಕು.

"ಬಾಡಿಗೆ ಮನೆ, ನಮಗ್ಯಾಕೆ?" ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಸಾಮಾನಿನ ಖರ್ಚು ಓನರ್ ಕೊಡಲಿ, ಅದು ನ್ಯಾಯ. ಆದರೆ ಬಿರುಕನ್ನ ದಿನಾ ನೋಡೋರು ನಾವು. ಚಿಕ್ಕದಿದ್ದಾಗಲೇ ಹೋಗಿ ಹೇಳೋದು ನಮ್ಮ ಕೆಲಸ. ಹೊಸದು ಕಟ್ಟೋದನ್ನ ನಾಲ್ಕು ವರ್ಷ ಕಲೀತೀವಿ, ಕಟ್ಟಿರೋದನ್ನ ಉಳಿಸೋದೂ ಎಂಜಿನಿಯರಿಂಗೇ.