ಹೆಬ್ಬೆರಳಿನ ಸಂದು
ತೆಲಂಗಾಣದ ಇಟಿಕ್ಯಾಲದಂಥ ಊರಲ್ಲಿ ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗಿಗೆ ನಸುಕಿನ ಓಟ ಶೋಕಿಯಲ್ಲ; ಅಲ್ಲಿನ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಹೆಣ್ಣುಮಕ್ಕಳು 800 ಮೀಟರ್ ಓಡಿ ತೋರಿಸಲೇಬೇಕು. ಹಳ್ಳಿಯಲ್ಲಿ ಅದಕ್ಕೆ ಸಿಗುವುದು ಹೊಲದ ದಾರಿ, ಇಲ್ಲವೇ ರಸ್ತೆಯ ಅಂಚು. ಹಿಂದೆ ಬರುವ ಬೈಕು ಯಾಕೋ ನಿಧಾನವಾಯಿತು ಅನ್ನಿ, ಆಗ ಎದೆ ಡವಗುಟ್ಟುವುದು ಓಟದಿಂದಲ್ಲ. ಮನೆಯಲ್ಲಿ ಹೇಳಿದರೆ ಸಿಗುವ ಉತ್ತರ ಒಂದೇ: “ನಾಳಿಂದ ಓಡೋದು ಬ್ಯಾಡ ಬಿಡವ್ವ.” ಮಹಾನಗರವೂ ಏನು ಮಿಗಿಲಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅಗರ ಕೆರೆ ಪಾರ್ಕಿನಲ್ಲಿ ವ್ಯಾಯಾಮ ಮಾಡುತ್ತಿದ್ದ ನಟಿ ಸಂಯುಕ್ತಾ ಹೆಗ್ಡೆ, ತೊಟ್ಟ ಬಟ್ಟೆಯ ನೆಪದಲ್ಲಿ ಬೈಗುಳ ಕೇಳಬೇಕಾಯಿತು. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ಮನೆ ಹಿಂದಕ್ಕೆ ಜಗ್ಗಬೇಡಿ. ಅವನ ಹೆಬ್ಬೆರಳೂ ಬೆರಳುಗಳೂ ಕೂಡುವ ಸಂದಿನತ್ತ ಕೈ ತಿರುವಿ ಒಮ್ಮೆಲೇ ಕಿತ್ತುಕೊಳ್ಳಿ, ಹಿಡಿತ ಸಡಿಲವಾಗುವುದು ಅಲ್ಲೇ. ಜೊತೆಗೆ ಗಂಟಲು ಹರಿಯುವಂತೆ ಕೂಗಿ, ಬೆಳಕಿದ್ದತ್ತ ಓಡಿ, 112ಕ್ಕೆ ಕರೆ ಮಾಡಿ. ಕಾನೂನೂ ಬೆನ್ನಿಗಿದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯನ್ನು ಹಕ್ಕೆಂದೇ ಒಪ್ಪಿದೆ, ಅತ್ಯಾಚಾರದ ಉದ್ದೇಶದ ಹಲ್ಲೆ ತಡೆಯುವಾಗ ದಾಳಿಕೋರ ಸತ್ತರೂ ಆ ಹಕ್ಕು ರಕ್ಷಣೆ ಕೊಡಬಲ್ಲದು. ತೆಲಂಗಾಣದಲ್ಲಿ 2014ರಿಂದ ಹೆಣ್ಣುಮಕ್ಕಳ ಸುರಕ್ಷತೆಗೆಂದೇ ಇರುವ ಪೊಲೀಸ್ ತಂಡಗಳಾದ ‘ಶೀ ಟೀಮ್’ಗಳೂ ಇವೆ. ಇಷ್ಟಾದರೂ ಪಟ್ಟು ಕಲಿಯುವ ಹೊರೆಯೆಲ್ಲ ಹುಡುಗಿಯದೇ ಏಕೆ? ಊರ ಹಿರಿಯರು ಅವಳು ಓಡುವ ದಾರಿಗೆ ನಾಲ್ಕು ದೀಪ ಹಾಕಿಸಲಿ, ಗಂಡುಮಕ್ಕಳಿಗೆ ನಾಲ್ಕು ಮಾತು ಹೇಳಲಿ. ಓಟ ನಿಲ್ಲಬೇಕಾದದ್ದು ಅವಳದಲ್ಲ, ಬೆನ್ನು ಹತ್ತಿದವನದು.